ಚಿಕ್ಕ ಪಿಸ್ತೂಲು, ದೊಡ್ಡ ಬೋರ್: ಸೊಂಟಕ್ಕೂ ಮನೆಗೂ ಯಾವುದು ಆದೀತು?

ಗಂಜ್ ಹತ್ತಿ ಅಂಗಡಿ, ರಾಯಚೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಇಲ್ಲಿ ಗಂಜ್ ಮಾರುಕಟ್ಟೆಯಲ್ಲಿ ಹತ್ತಿ ದಲಾಲಿ ಅಂಗಡಿ. ಈಗ ಲೆಕ್ಕವೆಲ್ಲ ಬ್ಯಾಂಕಿನಲ್ಲೇ ನಡೆಯುತ್ತದೆ, ಆದರೂ ಸೀಸನ್ನಿನಲ್ಲಿ ಹಮಾಲಿ, ಗಾಡಿ ಬಾಡಿಗೆ, ರೈತರ ಕೈಗಡ ಅಂತ ರೊಕ್ಕ ಓಡಾಡುವುದು ತಪ್ಪಿಲ್ಲ. ರಾತ್ರಿ ಒಂಬತ್ತೂವರೆಗೆ ಗಲ್ಲಾ ಮುಚ್ಚಿ, ಬ್ಯಾಗನ್ನು ಸ್ಕೂಟರಿನ ಡಿಕ್ಕಿಗೆ ಹಾಕಿ ಲಿಂಗಸುಗೂರು ರಸ್ತೆಯ ಮನೆಗೆ ಹೋಗುತ್ತೇನೆ. ಹೋದ ತಿಂಗಳು ಎರಡು ದಿನ ಒಂದೇ ಬೈಕು ನನ್ನ ಹಿಂದೆ ಬಂತು. ಎರಡನೇ ದಿನ ನಾನು ಬೇಕಂತಲೇ ಒಂದು ಮೆಡಿಕಲ್ ಶಾಪ್ ಮುಂದೆ ನಿಂತೆ, ಅವರೂ ಆಚೆ ನಿಂತರು. ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ನಿದ್ದೆ ಸರಿಯಿಲ್ಲ.

ಲೈಸೆನ್ಸಿಗೆ ಅರ್ಜಿ ಹಾಕಿದ್ದೇನೆ. ಠಾಣೆಯಿಂದ ಬಂದು ವಿಚಾರಿಸಿಕೊಂಡು ಹೋಗಿದ್ದಾರೆ. ಈಗ ಪ್ರಶ್ನೆ ಯಾವುದು ಕೊಳ್ಳಬೇಕು, ಯಾವ ಬೋರ್ (ನಳಿಗೆಯ ಒಳ ಅಗಲ, .45 ಅಂದರೆ ಇಂಚಿನಲ್ಲಿ ಅಷ್ಟು) ಅನ್ನುವುದು. ಟೆಕ್ಸಾಸಿನಲ್ಲಿರುವ ನಮ್ಮ ಷಡ್ಡಕರು ".45 ತಗೊ, ಗನ್ ಚಿಕ್ಕದಿರಲಿ, ಗುಂಡು ದೊಡ್ಡದಿರಲಿ, ಒಂದೇ ಏಟಿಗೆ ಮುಗೀತದೆ" ಅನ್ನುತ್ತಾರೆ. ಶರ್ಟಿನ ಕೆಳಗೆ ಕಾಣಬಾರದು, ಮನೆಯಲ್ಲಿ ರಾತ್ರಿಗೂ ಆಗಬೇಕು. ಬಲ್ಲವರು ಹೇಳಿ.

ಬಿಸಿಲೂರು ಬಳ್ಳಾರಿ

ಅಣ್ಣಾ, ಮೊದಲು ಬ್ಯಾಗನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಡುವುದನ್ನು ಬಿಡಿ. ಆಮೇಲೆ ಬೋರ್ ವಿಚಾರ.

ಮಾಜಿ ಹವಾಲ್ದಾರ್, ಕೊಪ್ಪಳ

ದಲಾಲರೇ, ನಿಮ್ಮ ಷಡ್ಡಕರ ಮಾತು ಅವರ ಊರಿಗೆ ಸರಿ. ಇಲ್ಲಿ ಬೋರ್ ನಾವು ಆರಿಸುವುದಲ್ಲ, ಕಾನೂನು ಆರಿಸಿಕೊಟ್ಟಿರುತ್ತದೆ. 1959ರ ಆರ್ಮ್ಸ್ ಆ್ಯಕ್ಟ್ ಮತ್ತು ಅದರ ನಿಯಮಗಳ ಪ್ರಕಾರ ಬೋರ್ ಎರಡು ಜಾತಿ. ಪಿಬಿ ಅಂದರೆ ನಿಷೇಧಿತ ಬೋರ್, ಎನ್‌ಪಿಬಿ ಅಂದರೆ ನಿಷೇಧ ಇಲ್ಲದ್ದು. ಸೇನೆ, ಪೊಲೀಸರು ಬಳಸುವ 9 ಎಂಎಂ ಪಿಬಿಗೆ ಸೇರಿದ್ದು. ಅದರ ಲೈಸೆನ್ಸ್ ಡಿಸಿ ಆಫೀಸಿನಲ್ಲಿ ಸಿಗುವುದಿಲ್ಲ, ಕೇಂದ್ರ ಗೃಹ ಇಲಾಖೆಗೆ ಹೋಗಬೇಕು. ನಿಮ್ಮ ನನ್ನಂಥವರಿಗೆ ಕೊಡುತ್ತಾರೆ ಅಂತ ಕನಸು ಕಾಣಬೇಡಿ.

ಹೊರದೇಶದ ಪಿಸ್ತೂಲು ತರಿಸೋಣ ಅಂದರೆ ಆ ಬಾಗಿಲೂ 1980ರ ದಶಕದ ನಡುವಿನಿಂದ ಸಾಮಾನ್ಯ ಜನಕ್ಕೆ ಮುಚ್ಚಿದೆ. ಅದಕ್ಕೆ ಮುಂಚೆ ಬಂದ ಹಳೆಯ ವಾಲ್ಥರ್, ಬ್ರೌನಿಂಗ್ ಇವತ್ತಿಗೂ ಕೈಯಿಂದ ಕೈಗೆ ಮಾರಾಟ ಆಗುತ್ತವೆ. ರೇಟು ಕೇಳಿದರೆ ಒಂದು ಸೈಟು ಕೊಂಡ ಹಾಗೆ. ಹಾಗಾಗಿ ಅಂಗಡಿಗೆ ಹೋದರೆ ಕೌಂಟರ್ ಮೇಲೆ ನಿಮ್ಮ ಮುಂದೆ ಹೆಚ್ಚಾಗಿ ಇಡುವುದು .32. ನಾವು ಮೂವತ್ತೆರಡು ಬೋರ್ ಅನ್ನುತ್ತೇವೆ, ಪೆಟ್ಟಿಗೆ ಮೇಲೆ 7.65 ಎಂಎಂ ಅಂತಲೂ ಬರೆದಿರುತ್ತದೆ.

ಅದರಲ್ಲಿ ಹೆಚ್ಚಾಗಿ ಹೆಸರು ಕೇಳುವುದು ಇವು. ಇಶಾಪುರದ ಅಶನಿ ಪಿಸ್ತೂಲು. ಕಾನ್ಪುರದ .32 ರಿವಾಲ್ವರ್‌ಗಳು. 2014ರಲ್ಲಿ ಬಂದ ನಿರ್ಭೀಕ್ ರಿವಾಲ್ವರ್, ಅರ್ಧ ಕೆಜಿ ತೂಕ, ಬಂದಾಗಲೇ ಸುಮಾರು 1.22 ಲಕ್ಷ ರೂಪಾಯಿ. 2023ರ ಪ್ರಬಲ್ ರಿವಾಲ್ವರ್, ಸುಮಾರು 700 ಗ್ರಾಂ, ನಳಿಗೆ 76 ಮಿಲಿಮೀಟರ್. ಬ್ರಿಟನ್ನಿನ ಹಳೆಯ ಹೆಸರು ವೆಬ್ಲಿ ಅಂಡ್ ಸ್ಕಾಟ್ ಈಗ ಉತ್ತರ ಪ್ರದೇಶದ ಹರ್ದೋಯಿ ಕಡೆ ತಯಾರಾಗುತ್ತದೆ, ಅದೂ .32.

ಗಂಜ್ ಹತ್ತಿ ಅಂಗಡಿ, ರಾಯಚೂರು

ಹವಾಲ್ದಾರ್ ಸಾಹೇಬರೇ, ತಣ್ಣೀರು ಎರಚಿಬಿಟ್ಟಿರಿ. .32 ಅಂದರೆ ಹೆಗ್ಗಣ ಹೊಡೆಯುವುದಕ್ಕಾ? ಷಡ್ಡಕರಿಗೂ ಇಲ್ಲಿ ಬರಲು ಹೇಳಿದ್ದೇನೆ. ಅವರೇ ಮಾತಾಡಲಿ.

ಡಾಲಸ್‌ನಲ್ಲಿ ಮಾನ್ವಿಯವ

ಬಂದೆ ಬಂದೆ. ಬೈಯಬೇಡಿ ಮಾರಾಯರೇ. ಇಲ್ಲಿ 2021ರ ಸೆಪ್ಟೆಂಬರ್‌ನಿಂದ 21 ವರ್ಷ ಆದವರು ಪರ್ಮಿಟ್ ಇಲ್ಲದೆಯೂ ಕೈಬಂದೂಕು ಇಟ್ಟುಕೊಂಡು ಓಡಾಡಬಹುದು. ಹಾಗಾಗಿ ಇಲ್ಲಿ ಜನ ಬೋರ್ ಬಗ್ಗೆ ನಮ್ಮಲ್ಲಿ ಸೋನಾ ಮಸೂರಿ, ಕೋಲಂ ಬಗ್ಗೆ ಜಗಳ ಆಡುವ ಹಾಗೆ ಆಡುತ್ತಾರೆ.

ಲೆಕ್ಕ ಹೇಳುತ್ತೇನೆ, ನೀವೇ ನೋಡಿ. .45 ಗುಂಡಿನ ತೂಕ ಸಾಮಾನ್ಯವಾಗಿ 230 ಗ್ರೇನ್, ಅಂದರೆ 15 ಗ್ರಾಂ ಹತ್ತಿರ. .32 ಪಿಸ್ತೂಲಿನ ಗುಂಡು 71 ಗ್ರೇನ್, ನಾಲ್ಕೂವರೆ ಗ್ರಾಂ ಚಿಲ್ಲರೆ. ವೇಗ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಸೆಕೆಂಡಿಗೆ 250ರಿಂದ 275 ಮೀಟರ್. ತಮಾಷೆ ಏನಂದರೆ ಎರಡನ್ನೂ ರೂಪಿಸಿದ್ದು ಒಬ್ಬನೇ ಮನುಷ್ಯ, ಜಾನ್ ಬ್ರೌನಿಂಗ್. .32 ಬಂದದ್ದು 1899ರಲ್ಲಿ. .45 ಆಮೇಲೆ, ಅಮೆರಿಕದ ಸೇನೆ ಆ ಪಿಸ್ತೂಲನ್ನು 1911ರಲ್ಲಿ ತೆಗೆದುಕೊಂಡಿತು.

ಈಗ ನಿಜ ಹೇಳಬೇಕು. ನನ್ನ ಹತ್ತಿರ ಇರುವುದು ಗ್ಲಾಕ್ 30. .45ರಲ್ಲಿ ಗಿಡ್ಡ ಪಿಸ್ತೂಲು, ನಳಿಗೆ ನಾಲ್ಕು ಇಂಚಿಗಿಂತ ಕಡಿಮೆ, ಮ್ಯಾಗಜಿನ್‌ನಲ್ಲಿ 10 ಗುಂಡು. ಕೊಂಡ ಹೊಸದರಲ್ಲಿ ಬೀಗುತ್ತಿದ್ದೆ. ಅದರ ಹಿಡಿಕೆ ಇಟ್ಟಿಗೆ ಹಿಡಿದ ಹಾಗೆ ದಪ್ಪ. ಗನ್ ಗಿಡ್ಡ ಆದಷ್ಟೂ ಒದೆ ಜಾಸ್ತಿ, ಎರಡನೇ ಗುಂಡಿಗೆ ಮೂತಿ ಮೇಲೆ ಹೋಗಿರುತ್ತದೆ. ಐವತ್ತು ಗುಂಡು ಹೊಡೆದ ದಿನ ಹೆಬ್ಬೆರಳ ಬುಡ ನೋಯುತ್ತದೆ. ಬೇಸಿಗೆಯಲ್ಲಿ ಟೀ ಶರ್ಟಿನ ಕೆಳಗೆ ಅದನ್ನು ಮುಚ್ಚಿಡುವುದು ಒಂದು ಕೆಲಸ. ಹೋದ ವರ್ಷ ನಾನೇ ತೆಳುವಾದ 9 ಎಂಎಂ ತಗೊಂಡೆ. ಷಡ್ಡಕರಿಗೆ ಇದನ್ನು ಹೇಳಿರಲಿಲ್ಲ. ಈಗ ಹೇಳಿದ ಹಾಗಾಯಿತು.

ಬಿಸಿಲೂರು ಬಳ್ಳಾರಿ

ಷಡ್ಡಕರ ಬಾಯಲ್ಲೇ ಬಂತು ನೋಡಿ. 😄

ಮಾಜಿ ಹವಾಲ್ದಾರ್, ಕೊಪ್ಪಳ

ಮಾನ್ವಿಯವರು ಪ್ರಾಮಾಣಿಕರು. ಅದಕ್ಕೇ ಹೇಳುವುದು, ತಾಗದ .45ಗಿಂತ ತಾಗುವ .32 ಮೇಲು. ಹೆಗ್ಗಣದ ಮಾತು ಬಿಡಿ ದಲಾಲರೇ, .32 ತಿಂದು ಸತ್ತವರು ಲೆಕ್ಕವಿಲ್ಲದಷ್ಟು ಇದ್ದಾರೆ. ಆದರೆ ಒಂದೇ ಏಟಿಗೆ ಮನುಷ್ಯ ಧೊಪ್ಪನೆ ಬೀಳುತ್ತಾನೆ ಅನ್ನುವುದು ಸಿನಿಮಾ. ಯಾವ ಕೈಬಂದೂಕಿಗೂ ಆ ಗ್ಯಾರಂಟಿ ಇಲ್ಲ.

ಪಿಸ್ತೂಲೋ ರಿವಾಲ್ವರೋ ಅನ್ನುವುದೇ ನಿಮ್ಮ ನಿಜವಾದ ಪ್ರಶ್ನೆ. ಪಿಸ್ತೂಲು ಚಪ್ಪಟೆ, ಶರ್ಟಿನ ಕೆಳಗೆ ಕೂರುತ್ತದೆ. ಆದರೆ ಗುಂಡು ಸಿಕ್ಕಿಕೊಂಡರೆ ಮೇಲಿನ ಸರಿಯುವ ಭಾಗ, ಸ್ಲೈಡ್, ಎಳೆದು ಸರಿಮಾಡಲು ಎರಡು ಕೈ ಬೇಕು, ಅಭ್ಯಾಸವೂ ಬೇಕು. ರಿವಾಲ್ವರ್ ಹೊಟ್ಟೆಯ ಹತ್ತಿರ ಉಬ್ಬಿ ಕಾಣುತ್ತದೆ, ಆರೇ ಗುಂಡು. ಆದರೆ ಒಂದು ಗುಂಡು ಠುಸ್ ಅಂದರೆ ಮತ್ತೆ ಕುದುರೆ (ಟ್ರಿಗರ್) ಒತ್ತಿದರೆ ಸಾಕು, ಮುಂದಿನ ಗುಂಡು ತಾನೇ ತಿರುಗಿ ಬರುತ್ತದೆ. ಅಭ್ಯಾಸ ಕಡಿಮೆ ಇರುವವರಿಗೆ ನಾನು ಯಾವಾಗಲೂ ರಿವಾಲ್ವರ್ ಅನ್ನುತ್ತೇನೆ.

ಇನ್ನೊಂದು. ಎರಡೂ .32 ಅಂತ ಒಂದರ ತೋಟಾ (ಗುಂಡು) ಇನ್ನೊಂದಕ್ಕೆ ತರಬೇಡಿ. ರಿವಾಲ್ವರಿನದು ಉದ್ದ, ಬುಡದಲ್ಲಿ ಅಂಚು ಇರುತ್ತದೆ. ಪಿಸ್ತೂಲಿನದು ಗಿಡ್ಡ. ನಮ್ಮ ಊರಿನ ಒಬ್ಬರು ಬೆಂಗಳೂರಿಗೆ ಹೋಗಿ ಬರುವ ಅಳಿಯನ ಕೈಯಲ್ಲಿ ವಿಚಾರಿಸಲು ಹೇಳಿದ್ದರು. ಅವನು ".32 ಬೇಕು" ಅಂದನಂತೆ, ಅಂಗಡಿಯವ "ಯಾವ .32" ಅಂದನಂತೆ, ಇವನಿಗೆ ಗೊತ್ತಿಲ್ಲ. ತೋಟಾ ಏನಿದ್ದರೂ ಲೈಸೆನ್ಸ್ ಇದ್ದವರೇ ಬುಕ್ಕು ಹಿಡಿದು ಹೋಗಬೇಕು, ಎಷ್ಟು ಕೊಟ್ಟರು ಅಂತ ಅದರಲ್ಲೇ ಬರೆಸಿಕೊಂಡು ಬರಬೇಕು.

ಸಂಡೂರು ಲಾರಿ ಓನರ್

ನಾನು ಬಹಳ ವರ್ಷದಿಂದ .32 ಪಿಸ್ತೂಲು ಇಟ್ಟುಕೊಂಡಿದ್ದೇನೆ. ಯಾರೂ ಹೇಳದ ಎರಡು ಮಾತು ಹೇಳುತ್ತೇನೆ. ಒಂದು ಧೂಳು, ಇನ್ನೊಂದು ಬೆವರು.

ನಮ್ಮ ಕಡೆ ಅದಿರಿನ ಕೆಂಪು ಧೂಳು ನಿಮಗೆ ಗೊತ್ತೇ ಇದೆ. ಅಂಗಿ ಒಗೆದರೆ ನೀರು ಕುಂಕುಮದ ಹಾಗೆ ಬರುತ್ತದೆ. ಅದು ಎಣ್ಣೆ ಹಚ್ಚಿದ ಸ್ಲೈಡಿನೊಳಗೆ ಕೂತು ಗಂಧದ ಹಾಗೆ ಗಟ್ಟಿಯಾಗುತ್ತದೆ. ಮೊದಲ ವರ್ಷ ನಾನು ಎಣ್ಣೆ ಸುರಿದಷ್ಟೂ ಒಳ್ಳೆಯದು ಅಂದುಕೊಂಡಿದ್ದೆ. ಒಂದು ದಿನ ಖಾಲಿ ಮಾಡಿ ನೋಡೋಣ ಅಂತ ಸ್ಲೈಡ್ ಎಳೆದರೆ ಅರ್ಧಕ್ಕೆ ನಿಂತುಬಿಟ್ಟಿತು. ಈಗ ಬಟ್ಟೆಗೆ ಎರಡು ಹನಿ ಹಾಕಿ ಒರೆಸುತ್ತೇನೆ, ಅಷ್ಟೇ.

ಬೆವರು ಇನ್ನೂ ಕೆಟ್ಟದ್ದು. ಏಪ್ರಿಲ್, ಮೇನಲ್ಲಿ ಬಳ್ಳಾರಿ ಬಿಸಿಲು 42 ದಾಟುತ್ತದೆ. ಸೊಂಟಕ್ಕೆ ತಾಗುವ ಬದಿಯಲ್ಲಿ ಮೂರೇ ದಿನಕ್ಕೆ ತುಕ್ಕಿನ ಚುಕ್ಕೆ ಬಂದವು. ಚರ್ಮದ ಹೋಲ್ಸ್ಟರ್ (ಗನ್ ಇಡುವ ಚೀಲ) ಬೆವರು ಕುಡಿದು ಒದ್ದೆಯಾಗೇ ಇರುತ್ತದೆ, ರಾತ್ರಿ ಗನ್ ಅದರಲ್ಲೇ ಬಿಟ್ಟರೆ ಕಥೆ ಮುಗಿಯಿತು. ಮನೆಗೆ ಬಂದ ತಕ್ಷಣ ತೆಗೆದು ಒರೆಸಿ ಲಾಕರಿಗೆ. ತಿಂಗಳಿಗೊಮ್ಮೆ ಗುಂಡುಗಳನ್ನೂ ನೋಡಬೇಕು. ಹಿತ್ತಾಳೆಗೆ ಹಸಿರು ಹಿಡಿದಿದ್ದರೆ ಅದನ್ನು ನಂಬಬೇಡಿ. ನನಗೆ ಒಂದು ಅಂಗಡಿಯವರು ಎಷ್ಟೋ ವರ್ಷದ ಹಳೆ ಸ್ಟಾಕ್ ಕೊಟ್ಟಿದ್ದರು. ಗುರಿ ಅಭ್ಯಾಸದ ದಿನ ಹತ್ತರಲ್ಲಿ ಎರಡು ಟಕ್ ಅಂದು ಸುಮ್ಮನಾದವು. ಅವತ್ತು ಕಾಗದದ ಮುಂದೆ ನಿಂತಿದ್ದೆ, ಸರಿ. ಬೇರೆ ದಿನ ಆಗಿದ್ದರೆ?

ಸಿಂಧನೂರು ಟೀಚರ್

ಇಷ್ಟು ಹೊತ್ತು ಓದುತ್ತಿದ್ದೆ, ಬರೆಯಬೇಕೋ ಬೇಡವೋ ಅಂತ. ನಮ್ಮ ಮನೆಯವರು ತೀರಿಕೊಂಡಾಗ ಅವರ ಹೆಸರಿನಲ್ಲಿ ಒಂದು ರಿವಾಲ್ವರ್ ಇತ್ತು. ಮಾವನ ಕಾಲದ್ದು. ಹದಿಮೂರನೇ ದಿನ ಮುಗಿಯುವ ಮೊದಲೇ ಮೈದುನ ಹೇಳಿದ, ಅತ್ತಿಗೆ, ಇದನ್ನು ಹೀಗೇ ಇಟ್ಟುಕೊಳ್ಳುವ ಹಾಗಿಲ್ಲ ಅಂತ. ನಿಜ. ಲೈಸೆನ್ಸ್ ಇದ್ದವರು ಹೋದಮೇಲೆ ಅದನ್ನು ಜಮಾ ಮಾಡಬೇಕು. ಬೇಕಾದರೆ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸ್ ಕೇಳಬೇಕು. ನಾನು ಕೇಳಿದೆ. ಮಗಳು ಹಾಸ್ಟೆಲಿನಲ್ಲಿ, ಮನೆ ಊರಿನ ಅಂಚಿನಲ್ಲಿ, ನಾನೊಬ್ಬಳೇ.

ತರಬೇತಿಯಲ್ಲಿ ಮೊದಲ ಸಲ ಕೈಗೆ ತಗೊಂಡಾಗ ನನಗೆ ಕುದುರೆಯನ್ನು ಪೂರ್ತಿ ಒತ್ತಲಿಕ್ಕೇ ಆಗಲಿಲ್ಲ. ತೋರುಬೆರಳಿನ ತುದಿ ಬಿಳಿಚಿಕೊಂಡಿತು, ಕೈ ನಡುಗಿತು, ಮೂತಿ ಎಡಕ್ಕೆ ಹೋಯಿತು. ಕಲಿಸುವವರು "ಮೇಡಂ, ಇದು ನಿಮ್ಮ ಕೈಗಲ್ಲ" ಅಂದರು. ಸಿಟ್ಟು ಬಂತು. ಮನೆಗೆ ಬಂದು ದಿನಾ ಹತ್ತು ನಿಮಿಷ ಖಾಲಿ ರಿವಾಲ್ವರಿನಲ್ಲಿ ಅಭ್ಯಾಸ ಮಾಡಿದೆ. ಗುಂಡುಗಳು ಬೇರೆ ಕೋಣೆಯಲ್ಲಿ, ಮೂರು ಸಲ ತೆರೆದು ನೋಡಿ, ಆಮೇಲೆ. ಎರಡು ತಿಂಗಳಿಗೆ ಕೈ ಪಳಗಿತು.

ಹಗುರದ್ದು ಕೊಳ್ಳಿ ಅಂತ ಎಲ್ಲರೂ ಹೆಂಗಸರಿಗೆ ಹೇಳುತ್ತಾರೆ. ಹಗುರ ಇದ್ದಷ್ಟೂ ಕೈಗೆ ಒದೆ ಜಾಸ್ತಿ ಅನ್ನುವುದನ್ನು ಯಾರೂ ಹೇಳುವುದಿಲ್ಲ. ನನಗೆ ಮಾವನ ಆ ಭಾರದ ಹಳೆಯದೇ ಸರಿ ಹೋಯಿತು. ಅಂಗಡಿಯಲ್ಲಿ ಹಿಡಿದು ನೋಡದೆ ಯಾವುದನ್ನೂ ಕೊಳ್ಳಬೇಡಿ ಅಣ್ಣಾವರೇ. ಹಿಡಿದಾಗ ಕುದುರೆಗೆ ಬೆರಳಿನ ತುದಿ ತಾಗಬೇಕು, ಅಂಗೈ ಹಿಡಿಕೆಯ ಹಿಂದೆ ಸರಿಯಾಗಿ ಕೂರಬೇಕು. ಚಪ್ಪಲಿ ಕೊಂಡ ಹಾಗೇ.

ಬಳ್ಳಾರಿ ಕೋರ್ಟ್ ಕಟ್ಟೆ

ವಕೀಲನಾಗಿ ನಾಲ್ಕು ಮಾತು. ಲೈಸೆನ್ಸ್ ಬಂತು ಅಂದ ತಕ್ಷಣ ಹೊಡೆಯುವ ಹಕ್ಕು ಬಂತು ಅಂತ ಅಲ್ಲ. 2024ರ ಜುಲೈ 1ರಿಂದ ಐಪಿಸಿ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಆತ್ಮರಕ್ಷಣೆಯ ಕಲಮುಗಳು ಅದರಲ್ಲಿ 34ರಿಂದ 44. ಜೀವಕ್ಕೆ ಅಪಾಯ, ಭಾರೀ ಗಾಯದ ಭಯ, ದರೋಡೆ, ಸೂರ್ಯ ಮುಳುಗಿ ಹುಟ್ಟುವುದರೊಳಗೆ ಮನೆ ಒಡೆದು ನುಗ್ಗುವುದು, ಇಂಥ ಕಡೆ ಹಕ್ಕು ಕೊನೆಯವರೆಗೂ ಹೋಗುತ್ತದೆ. ಆದರೆ ಬೇಕಾದದ್ದಕ್ಕಿಂತ ಜಾಸ್ತಿ ಬಲ ಬಳಸುವ ಹಾಗಿಲ್ಲ. ದಲಾಲರೇ, ನಿಮ್ಮ ಬ್ಯಾಗು ಕಿತ್ತುಕೊಂಡು ಬೈಕಿನಲ್ಲಿ ಓಡುತ್ತಿರುವವನ ಬೆನ್ನಿಗೆ ಹೊಡೆದರೆ, ಅವನು ಕಳ್ಳ ಹೌದು, ಆದರೆ ಕಟಕಟೆಯಲ್ಲಿ ನಿಲ್ಲುವವರು ನೀವು.

ಹೊರಗೆ ಒಯ್ಯುವುದಕ್ಕೂ ನಿಯಮ ಇದೆ. 2016ರ ನಿಯಮದ ಪ್ರಕಾರ ಕೈಬಂದೂಕು ಹೋಲ್ಸ್ಟರಿನಲ್ಲಿ, ಮುಚ್ಚಿದ ಹಾಗೆ ಇರಬೇಕು. ಜಾತ್ರೆ, ಮೆರವಣಿಗೆ, ಸಭೆ, ಶಾಲೆ ಕಾಲೇಜಿನ ಆವರಣಕ್ಕೆ ಒಯ್ಯುವ ಹಾಗಿಲ್ಲ. ಅಂದರೆ ಗವಿಮಠದ ಜಾತ್ರೆಗೆ ಹೋಗುವ ದಿನ ಅದು ಲಾಕರಿನಲ್ಲೇ ಇರಬೇಕು. ಮದುವೆಯಲ್ಲಿ ಗಾಳಿಗೆ ಹೊಡೆದರೆ 2019ರ ತಿದ್ದುಪಡಿಯಿಂದ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಎರಡೂ ಆಗಬಹುದು. ಅದೇ ತಿದ್ದುಪಡಿಯಲ್ಲಿ ಒಬ್ಬರಿಗೆ ಮೂರು ಬಂದೂಕು ಇದ್ದದ್ದು ಎರಡಕ್ಕೆ ಇಳಿಯಿತು, ಲೈಸೆನ್ಸ್ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿತು. ಚುನಾವಣೆ ಬಂದರೆ ಠಾಣೆಗೆ ಜಮಾ ಮಾಡಿ ಅಂತ ಕರೆ ಬರುತ್ತದೆ. ನಮ್ಮಲ್ಲಿ ಯಾವುದಾದರೊಂದು ಚುನಾವಣೆ ಇದ್ದೇ ಇರುತ್ತದೆ.

ಇನ್ನೂ ಒಂದು, ಯಾರೋ "ನಾಡ ಪಿಸ್ತೂಲು ಕೊಡಿಸುತ್ತೇನೆ, ಬೋರ್ ನೀವು ಹೇಳಿದ್ದೇ" ಅಂತ ಬಂದರೆ ಆ ನಂಬರನ್ನೇ ಅಳಿಸಿ. ಲೈಸೆನ್ಸ್ ಇಲ್ಲದ ಸಾಮಾನ್ಯ ಬೋರ್ ಸಿಕ್ಕರೇ ಎರಡರಿಂದ ಐದು ವರ್ಷ. ನಿಷೇಧಿತ ಬೋರ್ ಆದರೆ ಏಳರಿಂದ ಹದಿನಾಲ್ಕು.

ಸಂಡೂರು ಲಾರಿ ಓನರ್

ವಕೀಲರು ಹೇಳಿದ್ದು ಸತ್ಯ. ಗಣಿ ಜೋರಿದ್ದ ಕಾಲದಲ್ಲಿ ಇಲ್ಲಿ ಸೊಂಟದಲ್ಲಿ ಗನ್ ಕಾಣಿಸುವುದೇ ದೊಡ್ಡಸ್ತಿಕೆ ಆಗಿತ್ತು. ನಾನೂ ಅಂಗಿ ಎತ್ತಿ ತೋರಿಸಿದವನೇ, ಸುಳ್ಳು ಯಾಕೆ. ಈಗ ನಾಚಿಕೆ ಆಗುತ್ತದೆ.

ಕುಷ್ಟಗಿ ದಾಳಿಂಬೆ

ನನ್ನದು ಸ್ವಲ್ಪ ಉದ್ದ ಇದೆ, ಓದಿ.

ಐದು ಎಕರೆ ದಾಳಿಂಬೆ. ಹಣ್ಣು ಬಣ್ಣಕ್ಕೆ ಬಂದಮೇಲೆ ರಾತ್ರಿ ಕಾಯಲೇಬೇಕು, ಒಂದು ರಾತ್ರಿಯಲ್ಲಿ ಕ್ರೇಟುಗಟ್ಟಲೆ ಕಿತ್ತುಕೊಂಡು ಹೋಗುತ್ತಾರೆ. ಆ ವರ್ಷ ಪಕ್ಕದ ತೋಟದಲ್ಲಿ ಹಾಗೇ ಆಗಿತ್ತು. ನನ್ನ ಹತ್ತಿರ ಲೈಸೆನ್ಸ್ ಇದ್ದ .32 ರಿವಾಲ್ವರ್. ತೋಟದ ಮನೆಯಲ್ಲಿ ದಿಂಬಿನ ಕೆಳಗೆ ಇಟ್ಟು ಮಲಗುತ್ತಿದ್ದೆ. ತಪ್ಪು, ಗೊತ್ತು.

ರಾತ್ರಿ ಎರಡೂವರೆ ಇರಬೇಕು. ಅಮಾವಾಸ್ಯೆ ಹತ್ತಿರ, ಕಣ್ಣಿಗೆ ಬಟ್ಟೆ ಕಟ್ಟಿದಂಥ ಕತ್ತಲೆ. ನಾಯಿ ಬೊಗಳಲಿಲ್ಲ. ಅದನ್ನು ನಾನು ಆಗಲೇ ಗಮನಿಸಬೇಕಿತ್ತು. ಒಣಗಿದ ಎಲೆ ಮೇಲೆ ಹೆಜ್ಜೆ ಸಪ್ಪಳ. ಎದ್ದು ಬಾಗಿಲಿಗೆ ಬಂದೆ. ಹದಿನೈದು ಹೆಜ್ಜೆ ದೂರದಲ್ಲಿ, ಬೋರ್‌ವೆಲ್ಲಿನ ಸ್ಟಾರ್ಟರ್ ಡಬ್ಬಿ ಹತ್ತಿರ ಒಬ್ಬ ಬಗ್ಗಿ ನಿಂತಿದ್ದಾನೆ. ಕೇಬಲ್ ಕಳ್ಳ ಅಂದುಕೊಂಡೆ. ಹೆಬ್ಬೆರಳಿನಿಂದ ರಿವಾಲ್ವರಿನ ಸುತ್ತಿಗೆ (ಹ್ಯಾಮರ್) ಹಿಂದಕ್ಕೆ ಎಳೆದೆ. ಹಾಗೆ ಎಳೆದಮೇಲೆ ಕುದುರೆ ಎಷ್ಟು ಹಗುರ ಆಗುತ್ತದೆ ಅಂತ ಹವಾಲ್ದಾರರಿಗೆ ಗೊತ್ತು. ಸೀನಿದರೂ ಹಾರುತ್ತದೆ. ಕೈ ಚಾಚಿದೆ.

"ಯಾರಲೇ" ಅಂತ ಕೂಗಬೇಕು ಅಂದರೆ ಗಂಟಲೇ ಒಣಗಿತ್ತು. ಅಷ್ಟರಲ್ಲಿ ಮೋಟರ್ ಗುರ್ ಅಂತು. ಆ ಆಕೃತಿ ಎದ್ದು ನಿಂತು ಹೇಳಿತು: "ಕಾಕಾ, ಎದ್ದೀಯೇನು? ತ್ರೀಫೇಸ್ ಬಂತು, ನಿನ್ನ ನಿದ್ದಿ ಯಾಕ ಕೆಡಿಸಬೇಕು ಅಂತ ನಾನೇ ಚಾಲೂ ಮಾಡಿದೆ."

ಅಣ್ಣನ ಮಗ. ಹತ್ತೊಂಬತ್ತು ವರ್ಷ.

ರಾತ್ರಿ ಪಾಳಿಯಲ್ಲಿ ಕರೆಂಟು ಬರುವ ನಮ್ಮ ಊರುಗಳಲ್ಲಿ ಹೊಲದಲ್ಲಿ ಓಡಾಡುವವರೆಲ್ಲ ನಮ್ಮವರೇ. ನಾಯಿ ಬೊಗಳದ್ದು ಅದಕ್ಕೇ. ಅವನು ಮಾತಾಡುತ್ತಲೇ ಇದ್ದ, ನಾನು ಒಳಗೆ ಹೋಗಿ ಗೋಡೆಗೆ ಮುಖ ಮಾಡಿ ಸುತ್ತಿಗೆ ಇಳಿಸಲು ನೋಡಿದೆ. ಬೆವರಿಗೆ ಹೆಬ್ಬೆರಳು ಜಾರುತ್ತಿತ್ತು. ಅಂಗಿಯ ತುದಿಯಿಂದ ಹಿಡಿದು ನಿಧಾನ ಇಳಿಸಿದೆ. ಬಹಳ ಹೊತ್ತು ಹಿಡಿಯಿತು. ಅವನಿಗೆ ಇವತ್ತಿಗೂ ಹೇಳಿಲ್ಲ.

ಬೋರ್ ಯಾವುದಾದರೂ ಇರಲಿ. .45 ಇದ್ದಿದ್ದರೆ ಏನು ಲಾಭ ಆಗುತ್ತಿತ್ತು ಅವತ್ತು? ಆ ವಾರವೇ ತೋಟದ ಮನೆಗೆ ಎರಡು ದೊಡ್ಡ ಸೋಲಾರ್ ಲೈಟು ಹಾಕಿಸಿದೆ, ತಲೆಗೆ ಕಟ್ಟುವ ಬ್ಯಾಟರಿ ತಗೊಂಡೆ. ರಿವಾಲ್ವರ್ ಈಗ ಊರ ಮನೆಯ ಲಾಕರಿನಲ್ಲಿದೆ.

ಸಿಂಧನೂರು ಟೀಚರ್

ಓದಿ ಮೈ ಜುಮ್ ಅಂತು ಅಣ್ಣಾ.

ಬಿಸಿಲೂರು ಬಳ್ಳಾರಿ

ನಗಿಸಲು ಏನೋ ಬರೆಯೋಣ ಅಂತ ಬಂದಿದ್ದೆ. ಬೇಡ.

ಗಂಜ್ ಹತ್ತಿ ಅಂಗಡಿ, ರಾಯಚೂರು

ನಿನ್ನೆ ಇದನ್ನೆಲ್ಲ ಮನೆಯವಳಿಗೆ ಓದಿ ಹೇಳಿದೆ. ಕುಷ್ಟಗಿಯವರ ಭಾಗ ಬಂದಾಗ ಅವಳು ಮೊಬೈಲ್ ಕಸಿದುಕೊಂಡು ತಾನೇ ಓದಿದಳು. ನಮ್ಮ ಮಗ ಪಿಯುಸಿ. ರಾತ್ರಿ ಹನ್ನೆರಡಕ್ಕೆ ನೀರು ಕುಡಿಯಲು ಎದ್ದು ಲೈಟ್ ಹಾಕದೆ ಓಡಾಡುವ ಜಾತಿ.

ಹವಾಲ್ದಾರ್ ಸಾಹೇಬರೇ, ಒಂದು ಅನುಮಾನ. ಲಾಕರಿನಲ್ಲಿ ಬೀಗ ಹಾಕಿ ಇಡಬೇಕು, ಸರಿ. ಹಾಗಾದರೆ ರಾತ್ರಿ ಕಳ್ಳ ಬಂದಾಗ ಅದು ಕೈಗೆ ಸಿಗುವುದು ಯಾವಾಗ?

ಮಾಜಿ ಹವಾಲ್ದಾರ್, ಕೊಪ್ಪಳ

ಒಳ್ಳೆಯ ಪ್ರಶ್ನೆ. ಉತ್ತರ ನೀವೇ ಕಂಡುಕೊಳ್ಳಿ, ಖರ್ಚಿಲ್ಲ. ಇವತ್ತು ರಾತ್ರಿ ಒಂದು ಸ್ಟೀಲ್ ಲೋಟವನ್ನು ನಿಮ್ಮ ಬೀರುವಿನ ಲಾಕರಿನಲ್ಲಿ ಇಡಿ. ಅದೇ ನಿಮ್ಮ ಪಿಸ್ತೂಲು ಅಂದುಕೊಳ್ಳಿ. ಆರು ಕಡಲೆ ಬೀಜ ಬೇರೆ ಡಬ್ಬಿಯಲ್ಲಿ, ಅವು ಗುಂಡು. ಮೇನ್ ಸ್ವಿಚ್ ಆಫ್ ಮಾಡಿ, ಮಲಗಿ. ಮಗ ಯಾವಾಗಲಾದರೂ ಬಾಗಿಲು ಬಡಿಯಲಿ. ಎದ್ದು ಕೀಲಿ ಹುಡುಕಿ, ಲಾಕರ್ ತೆಗೆದು, ಆರೂ ಬೀಜ ಲೋಟಕ್ಕೆ ಹಾಕಬೇಕು. ಟೈಮ್ ಹಿಡಿಯಿರಿ. ಆಮೇಲೆ ಬಂದು ಬರೆಯಿರಿ.

ಡಾಲಸ್‌ನಲ್ಲಿ ಮಾನ್ವಿಯವ

ಬೆರಳು ಗುರುತಿನ ಚಿಕ್ಕ ಲಾಕರ್ ಸಿಗುತ್ತದೆ, ಗೋಡೆಗೆ ಬೋಲ್ಟ್ ಹಾಕಿಸಬಹುದು. ಆದರೆ ಅದರ ಸೆಲ್ಲು ಮುಗಿದ ರಾತ್ರಿಯೇ ಬೇಕಾಗುತ್ತದೆ, ಅದು ಲೋಕದ ನಿಯಮ.

ಗಂಜ್ ಹತ್ತಿ ಅಂಗಡಿ, ರಾಯಚೂರು

ಮಾಡಿದೆ. ಮಗ ಬಾಗಿಲು ಬಡಿದದ್ದು ಒಂದೂ ಮುಕ್ಕಾಲಿಗೆ. ಕೀಲಿ ಗೊಂಚಲು ಪ್ಯಾಂಟಿನ ಜೇಬಿನಲ್ಲಿ, ಪ್ಯಾಂಟು ಬಚ್ಚಲ ಮನೆಯ ಮೊಳೆಗೆ. ಮೊಣಕಾಲಿಗೆ ಮಂಚದ ಮೂಲೆ ಬಡಿಯಿತು. ಎರಡು ಬೀಜ ಕೆಳಗೆ ಬಿದ್ದವು, ಒಂದು ಇನ್ನೂ ಸಿಕ್ಕಿಲ್ಲ. ಒಟ್ಟು ಮೂರು ನಿಮಿಷ ಹತ್ತು ಸೆಕೆಂಡ್.

ಮನೆಯವಳು ಎದ್ದು ಕೂತು ಕೇಳಿದಳು, "ಕಳ್ಳಗ ಅಲ್ಲಿತನಕ ಚಾ ಮಾಡಿಕೊಡ್ಲೇನು?"

ನಾಳೆ ಗ್ರಿಲ್ ಮಾಡುವವನಿಗೆ ಬರಲು ಹೇಳಿದ್ದೇನೆ. ಹಿತ್ತಲ ಬಾಗಿಲಿನ ಚಿಲಕ ಒಳಗಿನಿಂದ ಅಲುಗಾಡುತ್ತದೆ ಅಂತ ನನಗೆ ನಿನ್ನೆ ರಾತ್ರಿಯೇ ಗೊತ್ತಾದದ್ದು. ರೊಕ್ಕದ ಬ್ಯಾಗನ್ನು ಸಂಜೆ ಬ್ಯಾಂಕು ಮುಚ್ಚುವ ಮೊದಲೇ ಗುಮಾಸ್ತರ ಜೊತೆ ಆಟೋದಲ್ಲಿ ಕಳಿಸುವುದಕ್ಕೆ ಶುರು ಮಾಡಿದ್ದೇನೆ. ಲೈಸೆನ್ಸ್ ಬಂದರೆ ಟೀಚರ್ ಅಕ್ಕ ಹೇಳಿದ ಹಾಗೆ ಹಿಡಿದು ನೋಡಿ ರಿವಾಲ್ವರ್ ತಗೊಳ್ಳುತ್ತೇನೆ, .32ವೇ.

ಕುಷ್ಟಗಿ ದಾಳಿಂಬೆ

ಆ ಕಳೆದ ಬೀಜ ಹುಡುಕಿ ಇಡಿ. ಮುಂದಿನ ಸಲಕ್ಕೆ ಬೇಕಾಗುತ್ತದೆ.